ಅಳು ನಿಂತಿತು, ಆದರೆ ಕಲಿತವರು ಯಾರು?

ಊಟದ ಹೊತ್ತು. ಎರಡೂವರೆ ವರ್ಷದ ಮಗು ಗಂಜಿಯ ಬಟ್ಟಲನ್ನು ಆಚೆ ತಳ್ಳಿ ಅಳುತ್ತದೆ. ಅಮ್ಮ ಮೊಬೈಲಿನಲ್ಲಿ ಹಾಡು ಹಾಕಿ ಕೊಡುತ್ತಾರೆ. ಅಳು ನಿಲ್ಲುತ್ತದೆ, ನಾಲ್ಕು ತುತ್ತು ಒಳಗೆ ಹೋಗುತ್ತದೆ. ಮಂಗಳೂರಿನ ಫ್ಲ್ಯಾಟಿನಲ್ಲೂ ಕಾರ್ಕಳದ ಕಡೆಯ ತೋಟದ ಮನೆಯಲ್ಲೂ ಇದು ಈಗ ದಿನಾ ನಡೆಯುವುದೇ. "ಮಗು ಹಠ ಕಲಿತುಬಿಟ್ಟಿದೆ" ಎನ್ನುತ್ತಾರೆ. ಅರ್ಧ ಸರಿ. ಆ ಅರ್ಧ ನಿಮಿಷದಲ್ಲಿ ಕಲಿತವರು ಇಬ್ಬರು. ಅತ್ತರೆ ಮೊಬೈಲು ಬರುತ್ತದೆ ಎಂದು ಮಗು ಕಲಿಯಿತು, ಮೊಬೈಲು ಕೊಟ್ಟರೆ ಅಳು ನಿಲ್ಲುತ್ತದೆ ಎಂದು ಅಮ್ಮ ಕಲಿತರು. ನಾಳೆ ಮಗು ಇನ್ನಷ್ಟು ಬೇಗ ಅಳುತ್ತದೆ, ಅಮ್ಮ ಇನ್ನಷ್ಟು ಬೇಗ ಕೊಡುತ್ತಾರೆ. ಅಮೆರಿಕದ ಒರೆಗಾನ್‌ನಲ್ಲಿ ಮಕ್ಕಳ ಜಗಳಗಂಟತನವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜೆರಾಲ್ಡ್ ಪ್ಯಾಟರ್ಸನ್ ಗುರುತಿಸಿದ್ದು ಈ ಸುಳಿಯನ್ನೇ: ಇಬ್ಬರೂ ಒಬ್ಬರನ್ನೊಬ್ಬರು ತರಬೇತು ಮಾಡುತ್ತಿರುತ್ತಾರೆ, ಮಾಡುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಕಲಿಕೆಯ ಪಾಠವನ್ನು ಬಿ.ಎಡ್. ತರಗತಿಗಳಲ್ಲಿ ಓದಿಸುವ ರೀತಿ ನೋಡಿದರೆ ಬೇಸರವಾಗುತ್ತದೆ. ಕಲಿಕೆಯ ಮೇಲೆ ಪ್ರಯೋಗ ಮಾಡಿದವರಲ್ಲಿ ಪಾವ್ಲೋವ್ ಎಂದರೆ ನಾಯಿ, ಥಾರ್ನ್‌ಡೈಕ್ ಎಂದರೆ ಬೆಕ್ಕು, ಸ್ಕಿನ್ನರ್ ಎಂದರೆ ಇಲಿ, ಕೋಹ್ಲರ್ ಎಂದರೆ ಚಿಂಪಾಂಜಿ. ಹೊಂದಿಸಿ ಬರೆಯಿರಿ, ನಾಲ್ಕು ಅಂಕ. ಆ ಪಾಠದಿಂದ ಮನೆಗೆ ಒಯ್ಯಬೇಕಾದದ್ದು ಒಂದೇ ಪ್ರಶ್ನೆ: ಈ ನಡವಳಿಕೆಯ ಬೆನ್ನಿಗೇ ಏನಾಯಿತು? ನಾವು ಏನು ಕಲಿಸಲು ಹೊರಟಿದ್ದೆವು ಎಂಬುದು ಮಗುವಿಗೆ ಮುಟ್ಟುವುದೇ ಇಲ್ಲ. ಬೆನ್ನಿಗೆ ಬಂದದ್ದು ಮುಟ್ಟುತ್ತದೆ.

ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಚಿಲಕದ ಪೆಟ್ಟಿಗೆಯೊಳಗೆ ಬಿಟ್ಟು, ಹೊರಬರಲು ಹಿಡಿಯುವ ಸಮಯ ಸರದಿಯಿಂದ ಸರದಿಗೆ ಇಳಿಯುವುದನ್ನು ದಾಖಲಿಸಿದ. ಸ್ಕಿನ್ನರ್ ಅದನ್ನು ವಿಸ್ತರಿಸಿ ಲೆಕ್ಕಕ್ಕೆ ತಂದ. ಆ ಲೆಕ್ಕದಲ್ಲಿ ನಾಲ್ಕು ಮನೆಗಳಿವೆ. ಅವನ್ನು ಬಾಯಿಪಾಠ ಮಾಡುವ ಬದಲು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ನಡವಳಿಕೆಯ ನಂತರ ಏನಾದರೂ ಬಂತೋ, ಇದ್ದದ್ದು ಹೋಯಿತೋ? ಎರಡು, ಮುಂದೆ ಆ ನಡವಳಿಕೆ ಹೆಚ್ಚಿತೋ, ಕಡಿಮೆಯಾಯಿತೋ? ಬಂದು ಹೆಚ್ಚಿದರೆ ಧನಾತ್ಮಕ ಪುನರ್ಬಲನ, ಹೋಗಿ ಹೆಚ್ಚಿದರೆ ಋಣಾತ್ಮಕ ಪುನರ್ಬಲನ. ಬಂದು ಕಡಿಮೆಯಾದರೂ ಹೋಗಿ ಕಡಿಮೆಯಾದರೂ ಶಿಕ್ಷೆ. ಊಟದ ಹೊತ್ತಿನ ಆ ಅಮ್ಮನ ವಿಷಯಕ್ಕೆ ಬಂದರೆ, ಕಿವಿಗೆ ಬಡಿಯುತ್ತಿದ್ದ ಅಳು ಹೋಯಿತು, ಮೊಬೈಲು ಕೊಡುವುದು ಹೆಚ್ಚಿತು. ಋಣಾತ್ಮಕ ಪುನರ್ಬಲನ ಎಂದರೆ ಇಷ್ಟೇ. ಉತ್ತರಪತ್ರಿಕೆಗಳಲ್ಲಿ ಅದಕ್ಕೆ "ಬೈಯುವುದು, ಹೊಡೆಯುವುದು" ಎಂದು ಉದಾಹರಣೆ ಕೊಟ್ಟವರಿಗೆ ಅಂಕ ಹೋಗುವುದು ಇದಕ್ಕೇ.

ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ಮೇಷ್ಟ್ರು ಬೈದರು, ಆದ್ದರಿಂದ ಅದು ಶಿಕ್ಷೆ ಎಂದುಕೊಳ್ಳುತ್ತಾರೆ. ಹಿಂದಿನ ಬೆಂಚಿನ ಹುಡುಗನನ್ನು ಬೈದಾಗ ಇಡೀ ಕ್ಲಾಸು ನಕ್ಕು ಅವನತ್ತ ತಿರುಗಿ ನೋಡಿತು. ಮರುದಿನ ಅವನ ತರಲೆ ಹೆಚ್ಚಾಯಿತು. ಹಾಗಾದರೆ ಆ ಬೈಗುಳ ಪುನರ್ಬಲನ, ಬೈದವರು ಏನೆಂದುಕೊಂಡಿದ್ದರೂ ಸರಿ. ಹಾಗೆಯೇ, ಲೆಕ್ಕ ಬೇಡವಾದ ಹುಡುಗಿಯನ್ನು ಲೆಕ್ಕದ ಪಿರಿಯಡಿನಲ್ಲಿ ಹೊರಗೆ ನಿಲ್ಲಿಸಿದರೆ ಅವಳಿಗೆ ಸಿಕ್ಕಿದ್ದು ಬಿಡುಗಡೆ.

ಇದಕ್ಕಿಂತ ಬೇರೆಯದೊಂದು ಕಲಿಕೆಯೂ ಉಂಟು. ಅದಕ್ಕೆ ಪಾವ್ಲೋವನ ನಾಯಿಗಿಂತ ನಮ್ಮ ಬೀದಿಯ ಬೆಕ್ಕೇ ಒಳ್ಳೆಯ ಸಾಕ್ಷಿ. ಸ್ಕೂಟರಿನಲ್ಲಿ ಮೀನು ಮಾರುವವರ ಹಾರ್ನು ತಿರುವಿನಲ್ಲಿ ಕೇಳಿದ್ದೇ ತಡ, ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕಿನ ಕಿವಿ ನಿಮಿರುತ್ತದೆ, ಬಾಯಲ್ಲಿ ನೀರೂರುತ್ತದೆ. ಹಾರ್ನಿಗೂ ಬೂತಾಯಿಗೂ ಹುಟ್ಟು ಸಂಬಂಧವೇನೂ ಇಲ್ಲ. ಹಾರ್ನು ಮೊದಲು, ಮೀನು ನಂತರ, ಹೀಗೆ ಹಲವು ಸಲ ಜೊತೆಯಾಗಿ ಬಂದದ್ದರಿಂದ ಹುಟ್ಟಿದ ನಂಟು ಅದು. ಮೀನು ತಿಂದ ಮೇಲೆ ಹಾರ್ನು ಹೊಡೆದರೆ ಈ ನಂಟು ಬೆಳೆಯುವುದು ಬಹಳ ಕಷ್ಟ, ಸಂಕೇತ ಮುಂಚೆ ಬರಬೇಕು. ಕಿವಿ ನಿಮಿರುವುದು, ನೀರೂರುವುದು ಶಾಸ್ತ್ರೀಯ ಅನುಬಂಧನ. ಬೆಕ್ಕು ಎದ್ದು ಗೇಟಿನ ಬಳಿ ಹೋಗಿ ಕಾಲಿಗೆ ಸುತ್ತಿಕೊಳ್ಳುವುದು ಮಾತ್ರ ಹಿಂದೆ ಹೇಳಿದ, ಬೆನ್ನಿಗೆ ಬಂದ ಫಲದಿಂದ ಕಲಿಯುವ ಕ್ರಿಯಾಪ್ರಸೂತ ಅನುಬಂಧನ, ಯಾಕೆಂದರೆ ಹೋದಾಗ ತಲೆಯೋ ಬಾಲವೋ ಸಿಕ್ಕಿತ್ತು. ಒಂದೇ ಬೆಕ್ಕು, ಒಂದೇ ನಿಮಿಷ, ಎರಡು ಬಗೆಯ ಕಲಿಕೆ. ಪರೀಕ್ಷೆಯಲ್ಲಿ ಇವನ್ನು ಬೇರೆ ಬೇರೆ ಪುಟದಲ್ಲಿ ಬರೆದರೂ ಜೀವನದಲ್ಲಿ ಅವು ಒಟ್ಟಿಗೇ ಬರುತ್ತವೆ. ಅಂದಹಾಗೆ, ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಬಂದದ್ದು ಈ ಶೋಧಕ್ಕಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ.

ಬೆಕ್ಕಿನ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಮಾಡಬಹುದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಾರುವವರು ಆ ಎರಡು ತಿಂಗಳು ನಿಮ್ಮ ಬೀದಿಗೆ ಬರಲೇ ಇಲ್ಲ ಎಂದಿಟ್ಟುಕೊಳ್ಳಿ. ಆಗಸ್ಟಿನಲ್ಲಿ ಹಾರ್ನು ಕೇಳಿದಾಗ ಬೆಕ್ಕು ಬರುತ್ತದೋ ಇಲ್ಲವೋ? ಬಂದೇ ಬರುತ್ತದೆ. ಸಂಕೇತವೇ ಕೇಳದೆ ಸುಮ್ಮನೆ ದಿನ ಕಳೆದರೆ ಅನುಬಂಧನ ಅಳಿಯುವುದಿಲ್ಲ. ಅದು ನಂದಬೇಕಾದರೆ ಹಾರ್ನು ಕೇಳಬೇಕು, ಮೀನು ಬರಬಾರದು, ಹೀಗೆ ಮತ್ತೆ ಮತ್ತೆ ಆಗಬೇಕು. ಬ್ರೆಡ್ಡು ಬನ್ನು ಮಾರುವವರು ಅದೇ ಥರದ ಹಾರ್ನು ಹಾಕಿಸಿಕೊಂಡು ದಿನಾ ಬಂದರೆ ಆಗ ಬೆಕ್ಕು ಕ್ರಮೇಣ ತಲೆ ಎತ್ತುವುದನ್ನು ಬಿಡುತ್ತದೆ, ಇಲ್ಲವೇ ಎರಡು ಹಾರ್ನುಗಳ ಸಣ್ಣ ವ್ಯತ್ಯಾಸವನ್ನು ಗುರುತಿಸಲು ಕಲಿಯುತ್ತದೆ. ಮನುಷ್ಯರ ಭಯಕ್ಕೂ ಇದೇ ನಿಯಮ. ನಾಯಿಗೆ ಹೆದರುವ ಮಗುವನ್ನು ಎರಡು ವರ್ಷ ನಾಯಿಯಿಂದ ದೂರ ಇಟ್ಟರೆ ಭಯ ಹಾಗೇ ಉಳಿಯುತ್ತದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ವಿಷಯದಲ್ಲಿ ಮಾಡಿದ್ದು ಇದರ ಉಲ್ಟಾ: ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿಟ್ಟು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಅವಸರ ಮಾಡಿ ಒಮ್ಮೆಲೇ ಹತ್ತಿರ ತಂದಿದ್ದರೆ ತಿಂಡಿಯೂ ಭಯದ ಜೊತೆ ಸೇರಿಕೊಳ್ಳುವ ಅಪಾಯವಿತ್ತು.

ಹಲವು ಸಲ ಜೊತೆಯಾಗಬೇಕು ಎಂಬ ನಿಯಮಕ್ಕೆ ದೊಡ್ಡ ಅಪವಾದ ಹೊಟ್ಟೆಯದು. ಬಂಗುಡೆ ತಿಂದ ಮೂರು ಗಂಟೆಯ ಮೇಲೆ ವಾಂತಿಯಾದರೆ, ಕಾರಣ ಮನೆಯಲ್ಲಿ ಸುತ್ತುತ್ತಿದ್ದ ವೈರಸ್ಸೇ ಆಗಿದ್ದರೂ, ವರ್ಷಗಟ್ಟಲೆ ಬಂಗುಡೆಯ ವಾಸನೆ ಬೇಡವಾಗಬಹುದು. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಲ್ಲಿ ತೋರಿಸಿದ್ದು ಇದು: ರುಚಿ ವಾಕರಿಕೆಯ ಜೊತೆ ಸುಲಭವಾಗಿ ಬೆಸೆಯುತ್ತದೆ, ಬೆಳಕು ಮತ್ತು ಸದ್ದು ವಿದ್ಯುತ್ ಆಘಾತದ ಜೊತೆ. ಅದಲುಬದಲಾದರೆ ಬೆಸೆಯುವುದಿಲ್ಲ.

ಈಗ ಮೊಬೈಲಿನ ಅಳುವಿಗೆ ಏನು ಮಾಡುವುದು ಎಂಬುದಕ್ಕೆ ಬರೋಣ. "ನಾಳೆಯಿಂದ ಕೊಡಬೇಡಿ, ಅಳಲಿ ಬಿಡಿ" ಎನ್ನುವುದು ಸಲಹೆ ಅಲ್ಲ, ಸಲಹೆಯ ಕಾಲು ಭಾಗ.

ಮೊದಲು ಐದರಿಂದ ಏಳು ದಿನ ಏನನ್ನೂ ಬದಲಿಸದೆ ಬರೆದಿಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಐದು ಅಂಕಣ ಹಾಕಿ: ಗಂಟೆ, ಅದಕ್ಕೆ ಮುಂಚೆ ಏನಾಗುತ್ತಿತ್ತು, ಮಗು ಮಾಡಿದ್ದೇನು, ಬೆನ್ನಿಗೇ ಏನಾಯಿತು, ಎಷ್ಟು ನಿಮಿಷ ನಡೆಯಿತು. "ಹಠ ಮಾಡಿದ" ಎಂದು ಬರೆದರೆ ಪ್ರಯೋಜನವಿಲ್ಲ, ಅಪ್ಪ ಹಠ ಎನ್ನುವುದೇ ಬೇರೆ, ಅಜ್ಜಿ ಹಠ ಎನ್ನುವುದೇ ಬೇರೆ. "ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಜೋರಾಗಿ ಅತ್ತ, ಬಟ್ಟಲು ತಳ್ಳಿದ" ಎಂದು ಬರೆದರೆ ಇಬ್ಬರ ಲೆಕ್ಕವೂ ಒಂದೇ ಆಗುತ್ತದೆ. ಈ ಹಾಳೆ ಇಲ್ಲದಿದ್ದರೆ ಹದಿನೈದು ದಿನದ ನಂತರ ಸುಧಾರಿಸಿದೆಯೋ ಇಲ್ಲವೋ ಎಂದು ಹೇಳಲು ಆಗುವುದಿಲ್ಲ. ನಿನ್ನೆಯ ಒಂದು ಕೆಟ್ಟ ರಾತ್ರಿ ಇಡೀ ವಾರದ ಲೆಕ್ಕವನ್ನು ನುಂಗಿಬಿಡುತ್ತದೆ.

ಹಾಳೆಯನ್ನು ಓದುವುದು ಮುಂದಿನ ಕೆಲಸ. ಅಳುವಿನಿಂದ ಮಗುವಿಗೆ ಸಿಗುತ್ತಿರುವುದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಯಾರದಾದರೂ ಗಮನ, ಒಂದು ವಸ್ತು, ಬೇಡದ ಕೆಲಸದಿಂದ ಬಿಡುಗಡೆ, ಇಲ್ಲವೇ ದೇಹಕ್ಕೇ ಸಿಗುವ ಹಿತ. ಬ್ರಯಾನ್ ಇವಾಟ ಮತ್ತು ಜೊತೆಗಾರರು 1982ರಲ್ಲಿ ತಮ್ಮನ್ನು ತಾವೇ ಗಾಯಮಾಡಿಕೊಳ್ಳುವ ಮಕ್ಕಳಲ್ಲಿ ಈ ಬಗೆಯ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ ರೂಪಿಸಿದರು. ಹೊರಗಿನಿಂದ ಒಂದೇ ಥರ ಕಾಣುವ ನಡವಳಿಕೆಗೆ ಮಗುವಿನಿಂದ ಮಗುವಿಗೆ ಕಾರಣ ಬೇರೆ ಎಂಬುದು ಅದರಿಂದ ತಿಳಿದದ್ದು. ಮದ್ದು ತಪ್ಪುವುದು ಇಲ್ಲೇ. ಗಂಜಿ ಬೇಡವಾದ್ದರಿಂದ ಅಳುವ ಮಗುವನ್ನು "ಗಮನ ಕೊಡಬೇಡಿ" ಎಂದು ಬಟ್ಟಲು ತೆಗೆದು ಬಿಟ್ಟುಬಿಟ್ಟರೆ ಅದಕ್ಕೆ ಬೇಕಾದದ್ದೇ ಸಿಕ್ಕಿತು. ಅಳು ಗಮನಕ್ಕಾದರೆ ಅದೇ ಉಪಾಯ ಫಲಿಸುತ್ತದೆ.

ಮೂರನೆಯದು, ಅಳುವಿನ ಬದಲು ಏನು ಮಾಡಬೇಕು ಎಂದು ಹೇಳಿಕೊಡುವುದು. ಬದಲಿ ನಡವಳಿಕೆ ಅಳುವುದಕ್ಕಿಂತ ಸುಲಭವಿರಬೇಕು, ಅದೇ ಫಲವನ್ನು ಬೇಗ ತರಬೇಕು. ಮಾತು ಬಂದಿದ್ದರೆ "ಸಾಕು", "ಬೇಕು" ಎಂಬ ಒಂದು ಪದ, ಬಂದಿಲ್ಲದಿದ್ದರೆ ಕೈಸನ್ನೆ. "ಸಾಕು" ಎಂದರೆ ಬಟ್ಟಲು ತಕ್ಷಣ ಆಚೆ ಹೋಗಬೇಕು, ಎರಡೇ ಸೆಕೆಂಡಿನಲ್ಲಿ. ಇನ್ನೂ ನಾಲ್ಕು ತುತ್ತು ಬಾಕಿ ಇದ್ದರೂ ಸರಿ. ಮೊದಲ ದಿನಗಳಲ್ಲಿ ಹೊಟ್ಟೆಯ ಲೆಕ್ಕಕ್ಕಿಂತ ಮಾತಿನ ಲೆಕ್ಕ ದೊಡ್ಡದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದ ದಾರಿ ಇದು. ಊಟದ ಮಟ್ಟಿಗೆ ಚಿಕ್ಕ ಚಿಕ್ಕ ಬಡಿಸುವಿಕೆ, ಒಟ್ಟು 20ರಿಂದ 30 ನಿಮಿಷ, ಆಮೇಲೆ ಗದ್ದಲವಿಲ್ಲದೆ ಮುಗಿಸುವುದು. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಉಸಿರುಗಟ್ಟುತ್ತಿದ್ದರೆ ಇದು ಹಠದ ವಿಷಯವಲ್ಲ, ಮೊದಲು ಮಕ್ಕಳ ಡಾಕ್ಟರು ನೋಡಲಿ. ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡು ವರ್ಷದೊಳಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು.

ಇಷ್ಟಾದ ಮೇಲೆ ಅಳುವಿಗೆ ಮೊಬೈಲು ಕೊಡುವುದನ್ನು ನಿಲ್ಲಿಸಿ. ನಿಲ್ಲಿಸಿದ ಆರಂಭದಲ್ಲಿ ಅಳು ಇಳಿಯುವ ಮುನ್ನ ಏರಬಹುದು: ಇನ್ನೂ ಜೋರು, ಇನ್ನೂ ದೀರ್ಘ, ಜೊತೆಗೆ ಹೊಸ ವರಸೆಗಳು, ನೆಲಕ್ಕೆ ಬೀಳುವುದು, ಬಟ್ಟಲು ಎಸೆಯುವುದು. ಇದು ಎಲ್ಲ ಮಕ್ಕಳಲ್ಲೂ ಆಗುತ್ತದೆ ಎಂದು ಹೆದರಿಸುವವರಿದ್ದಾರೆ, ಹಾಗೇನಿಲ್ಲ. 1995ರಲ್ಲಿ ಡೊರೊಥಿಯಾ ಲರ್ಮನ್ ಮತ್ತು ಇವಾಟ 113 ದಾಖಲೆಗಳನ್ನು ತಿರುವಿ ನೋಡಿದಾಗ ಈ ಏರಿಕೆ ಕಂಡದ್ದು ಶೇಕಡಾ 24ರಲ್ಲಿ. ಫಲ ಕೊಡುವುದನ್ನು ನಿಲ್ಲಿಸಿದ್ದಷ್ಟೇ ಆಗಿದ್ದರೆ ಶೇಕಡಾ 36, ಬೇರೆ ಉಪಾಯಗಳನ್ನೂ ಜೊತೆಗಿಟ್ಟುಕೊಂಡಿದ್ದರೆ 12. ಮೂರನೆಯ ಹೆಜ್ಜೆಯನ್ನು ಬಿಡಬಾರದು ಎನ್ನುವುದು ಇದಕ್ಕೇ. ಮಗು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದರೆ, ಉಸಿರು ಬಿಗಿಹಿಡಿದು ಮೂರ್ಛೆ ಹೋಗುತ್ತಿದ್ದರೆ ಮನೆಯಲ್ಲೇ ಇದನ್ನು ಮಾಡಿ ನೋಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಡಾಕ್ಟರನ್ನೋ ಕಾಣಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆಮಾಡಿ ಕೇಳಬಹುದು.

ಕೆಲಸ ಕೆಡುವುದು ಹೆಚ್ಚಾಗಿ ಮೂರನೆಯದೋ ನಾಲ್ಕನೆಯದೋ ದಿನ, ಅದೂ ಪ್ರೀತಿಯಿಂದ. ಅಪ್ಪ ಅಮ್ಮ ಗಟ್ಟಿ ಕೂತಿದ್ದಾರೆ, ಮಗು ಇಪ್ಪತ್ತು ನಿಮಿಷ ಅತ್ತಿದೆ, ಅಜ್ಜಿಗೆ ತಡೆಯಲಾಗಲಿಲ್ಲ. "ಪಾಪ, ಇವತ್ತೊಂದು ದಿನ ಕೊಡು ಮಾರಾಯ್ತಿ." ಮಗು ಈಗ ಕಲಿತದ್ದು ಏನು? ಐದು ನಿಮಿಷ ಸಾಲದು, ಇಪ್ಪತ್ತು ನಿಮಿಷ ಬೇಕು ಎಂದು. ದಿನಾ ಕೊಡುವುದಕ್ಕಿಂತ ಒಮ್ಮೊಮ್ಮೆ ಕೊಡುವುದು ಕೆಟ್ಟದ್ದು. ಪ್ರತಿ ಸಲ ಸಿಗುತ್ತಿದ್ದ ಫಲ ನಿಂತರೆ ಬೇಗ ಗೊತ್ತಾಗುತ್ತದೆ. ಆಗೀಗ ಸಿಗುತ್ತಿದ್ದದ್ದು ನಿಂತರೆ "ಇನ್ನೊಂದು ಸಲ ನೋಡೋಣ" ಎನ್ನುವುದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಶುರು ಮಾಡುವ ಮುಂಚೆಯೇ ಅಜ್ಜ, ಅಜ್ಜಿ, ಅತ್ತೆ, ಮಾವ ಎಲ್ಲರನ್ನೂ ಕೂರಿಸಿ ಮಾತಾಡಿ. ಅಜ್ಜಿಗೆ "ಕೊಡಬೇಡಿ" ಎನ್ನುವ ಬದಲು, "ಸಾಕು" ಎಂದಾಗ ಬಟ್ಟಲು ತೆಗೆದು ಮುದ್ದು ಮಾಡುವ ಕೆಲಸ ಕೊಡಿ. ಸುಮ್ಮನಿರಲು ಹೇಳಿದರೆ ಯಾವ ಅಜ್ಜಿಯೂ ಸುಮ್ಮನಿರುವುದಿಲ್ಲ. ಆರಿಹೋದ ಅಳು ಕೆಲವು ವಾರದ ನಂತರ ಒಮ್ಮೆ ತಲೆಹಾಕುವುದೂ ಉಂಟು, ಅದರಲ್ಲೂ ದೀಪಾವಳಿಗೆ ಬೇರೆ ಮನೆಗೆ ಹೋದಾಗ. ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ. ಆ ಒಂದು ದಿನ ಫಲ ಸಿಗದಿದ್ದರೆ ಮೊದಲಿಗಿಂತ ಬೇಗ ಇಳಿಯುತ್ತದೆ.

ಫಲ ಎಷ್ಟು ಸಲಕ್ಕೊಮ್ಮೆ, ಎಷ್ಟು ಹೊತ್ತಿಗೊಮ್ಮೆ ಸಿಗುತ್ತದೆ ಎಂಬುದೇ ನಡವಳಿಕೆಯ ವೇಗವನ್ನು ತೀರ್ಮಾನಿಸುತ್ತದೆ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲೆ ಇದನ್ನು ವಿವರವಾಗಿ ಅಳೆದು ಪ್ರಕಟಿಸಿದರು. ಫಲ ಸಿಗುವ ಕ್ರಮಗಳಲ್ಲಿ ಮುಖ್ಯವಾದವು ನಾಲ್ಕು, ನಮ್ಮ ಜಿಲ್ಲೆಗಳಲ್ಲಿ ಈ ನಾಲ್ಕೂ ಕಣ್ಣೆದುರೇ ಇವೆ. ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಂತಿಷ್ಟು ಮಜೂರಿ: ಎಣಿಕೆ ನಿಗದಿ. ಕೈ ವೇಗವಾಗಿ ಓಡುತ್ತದೆ, ಒಂದು ಲೆಕ್ಕ ಮುಗಿದ ಕೂಡಲೇ ಸಣ್ಣ ವಿರಾಮ, ಮತ್ತೆ ಅದೇ ವೇಗ. ಗಂಟೆಗೊಂದೇ ಬಸ್ಸು ಬರುವ ಒಳನಾಡಿನ ಸ್ಟಾಪಿನಲ್ಲಿ ಕಾಯುವವರು ಮೊದಲ ಅರ್ಧ ಗಂಟೆ ತಿರುವಿನತ್ತ ನೋಡುವುದೇ ಇಲ್ಲ, ಬಸ್ಸಿನ ಹೊತ್ತು ಹತ್ತಿರವಾದಂತೆ ನಿಮಿಷಕ್ಕೊಮ್ಮೆ ಕತ್ತು ಚಾಚುತ್ತಾರೆ: ಅವಧಿ ನಿಗದಿ. ಜುಲೈ ತಿಂಗಳ ರಾತ್ರಿ ಜೋರು ಮಳೆ, "ನಾಳೆ ಡಿಸಿ ರಜೆ ಕೊಟ್ಟರಾ?" ಎಂದು ಮಕ್ಕಳು ವಾಟ್ಸಾಪ್ ನೋಡುವುದು ಅವಧಿ ಅನಿಶ್ಚಿತ. ಸುದ್ದಿ ಯಾವಾಗ ಬರುತ್ತದೆಂದು ಗೊತ್ತಿಲ್ಲ, ಹತ್ತು ಸಲ ನೋಡಿದರೆ ಬೇಗ ಬರುವುದೂ ಇಲ್ಲ, ಆದ್ದರಿಂದ ಗಡಿಬಿಡಿಯಿಲ್ಲದೆ, ಬಿಡದೆ, ಆಗಾಗ ನೋಡುತ್ತಲೇ ಇರುತ್ತಾರೆ. ಇನ್ನು ಹೊಳೆಯ ಬದಿಯಲ್ಲಿ ಮತ್ತೆ ಮತ್ತೆ ಗಾಳ ಬೀಸುವವರು, ತಲಪಾಡಿ ದಾಟಿ ಕೇರಳದ ಲಾಟರಿ ಕೊಳ್ಳುವವರು, ರೀಲ್ಸ್ ತಳ್ಳುತ್ತಾ ಹಾಸಿಗೆಯಲ್ಲಿ ಬಿದ್ದಿರುವವರು: ಎಷ್ಟನೆಯದಕ್ಕೆ ಒಳ್ಳೆಯದು ಸಿಕ್ಕೀತು ಎಂದು ಗೊತ್ತಿಲ್ಲ, ಆದರೆ ಹೆಚ್ಚು ಸಲ ಮಾಡಿದಷ್ಟೂ ಸಿಗುವ ಸಾಧ್ಯತೆ ಹೆಚ್ಚು. ಎಣಿಕೆ ಅನಿಶ್ಚಿತ. ವೇಗವಾದದ್ದೂ ಇದೇ, ಬಿಡಿಸಲು ಕಷ್ಟವಾದದ್ದೂ ಇದೇ. ಅಜ್ಜಿ ಒಮ್ಮೊಮ್ಮೆ ಕೊಟ್ಟ ಮೊಬೈಲು ಮಗುವಿನ ಅಳುವನ್ನು ತಂದು ನಿಲ್ಲಿಸಿದ್ದು ಈ ಸಾಲಿನಲ್ಲಿ.

ಒಳ್ಳೆಯ ನಡವಳಿಕೆಗೆ ಇದನ್ನೇ ಬಳಸಿಕೊಳ್ಳಬಹುದು. ಹೊಸದನ್ನು ಕಲಿಸುವಾಗ ಪ್ರತಿ ಸಲವೂ, ಕೂಡಲೇ ಮೆಚ್ಚುಗೆ. ಹತ್ತರಲ್ಲಿ ಎಂಟು ಒಂಬತ್ತು ಸಲ ತಾನಾಗಿ ಮಾಡತೊಡಗಿದ ಮೇಲೆ ಎರಡಕ್ಕೊಮ್ಮೆ, ಆಮೇಲೆ ಲೆಕ್ಕ ತಪ್ಪಿಸಿ ಆಗೀಗ. ಒಮ್ಮೆಲೇ ನಿಲ್ಲಿಸಿದರೆ ನಡವಳಿಕೆಯೂ ನಿಲ್ಲುತ್ತದೆ. "ಗುಡ್ ಬಾಯ್" ಎನ್ನುವುದಕ್ಕಿಂತ "ಚಪ್ಪಲಿ ಜೋಡಿಸಿಟ್ಟಿಯಲ್ಲ, ಚಂದ ಕಾಣ್ತದೆ" ಎನ್ನುವುದು ಮೇಲು, ಯಾವುದಕ್ಕೆ ಮೆಚ್ಚಿದ್ದೆಂದು ಗೊತ್ತಾಗುತ್ತದೆ.

ಪೆಟ್ಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅದು ದುರ್ಬಲ ಸಾಧನವೇ. ಪ್ರಯೋಗಾಲಯದಲ್ಲಿ ಶಿಕ್ಷೆ ಪರಿಣಾಮ ಬೀರಬೇಕಾದರೆ ಅದು ತಕ್ಷಣ ಬರಬೇಕು, ಪ್ರತಿ ಸಲವೂ ಬರಬೇಕು, ಮೊದಲ ಸಲವೇ ತೀವ್ರವಾಗಿರಬೇಕು. ಮನೆಯಲ್ಲಿ ಸಂಜೆ ಅಪ್ಪ ಬಂದ ಮೇಲೆ ಬೀಳುವ ಏಟಿಗೆ ಇದರಲ್ಲಿ ಒಂದೂ ಇರುವುದಿಲ್ಲ. ಅದು ಬೆಳಗ್ಗಿನ ತಪ್ಪಿಗೆ ಅಂಟುವುದಿಲ್ಲ, ಅಪ್ಪನ ಬೈಕಿನ ಸದ್ದಿಗೆ ಅಂಟುತ್ತದೆ. ಬೆಕ್ಕಿನ ಹಾರ್ನಿನ ನಿಯಮವೇ ಇದು, ಮೀನಿನ ಜಾಗದಲ್ಲಿ ಭಯ ಬಂದಿದೆ ಅಷ್ಟೇ.

ತಕ್ಷಣದ ಫಲ ದಾರಿ ತಪ್ಪಿಸುವುದು ಮಕ್ಕಳನ್ನು ಮಾತ್ರವಲ್ಲ. ಪಿಯುಸಿ ವಿದ್ಯಾರ್ಥಿಗಳಲ್ಲಿ ಅನೇಕರು ಓದುವುದೆಂದರೆ ಅದೇ ಪುಟವನ್ನು ನಾಲ್ಕು ಸಲ ಓದಿ ಹೈಲೈಟರಿನಲ್ಲಿ ಹಳದಿ ಮಾಡುವುದು. ನಾಲ್ಕನೆಯ ಸಲ ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದೆ, ಆ ಹಿತವೇ ಪುನರ್ಬಲನ. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಲು ಕೂತರೆ ಅರ್ಧ ಹೊಳೆಯುವುದಿಲ್ಲ, ಮುಜುಗರವಾಗುತ್ತದೆ, ಬಿಟ್ಟುಬಿಡುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಅಳೆದರು. ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ ಮೂರು ಸರದಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರಿಗೆ ಶೇಕಡಾ 83, ಬರೆದವರಿಗೆ 71. ಒಂದು ವಾರದ ನಂತರ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ಗಣಿತದಲ್ಲೂ ಹೀಗೇ. 2007ರಲ್ಲಿ ರೋರರ್ ಮತ್ತು ಟೇಲರ್ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೊಟ್ಟರು. ಒಂದೇ ಬಗೆಯ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿಗೆ ಶೇಕಡಾ 89 ಸರಿ ಮಾಡಿ, ವಾರದ ನಂತರ 20ಕ್ಕೆ ಬಿದ್ದರು. ಬೆರೆಸಿ ಮಾಡಿದವರು ಅಭ್ಯಾಸದಲ್ಲಿ ಬರೀ 60, ವಾರದ ನಂತರ 63. ಪರೀಕ್ಷೆಯಲ್ಲಿ ಯಾವ ಸೂತ್ರ ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಬೆರೆಸಿ ಮಾಡಿದವರು ಅಭ್ಯಾಸ ಮಾಡಿಕೊಂಡದ್ದು ಆ ಆಯ್ಕೆಯನ್ನೇ.

ಎರಡು ಓದಿನ ನಡುವೆ ಎಷ್ಟು ದಿನ ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ. 2008ರ ಸೆಪೆಡಾ ಮತ್ತು ಜೊತೆಗಾರರ ಅಧ್ಯಯನದಲ್ಲಿ, ಎರಡನೆಯ ಓದು ಮುಗಿದು ವಾರಕ್ಕೆ ಪರೀಕ್ಷೆಯಿದ್ದಾಗ ಸುಮಾರು ಒಂದು ದಿನದ ಅಂತರ, 35 ದಿನಕ್ಕೆ ಪರೀಕ್ಷೆಯಿದ್ದಾಗ ಸುಮಾರು 11 ದಿನದ ಅಂತರ ಹೆಚ್ಚು ಫಲ ಕೊಟ್ಟಿತು. ಎರಡನೆಯ ಸಲ ಕೂರುವಾಗ ಮೊದಲು ಖಾಲಿ ಹಾಳೆಯಲ್ಲಿ ನೆನಪಿದ್ದದ್ದನ್ನು ಬರೆದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸುವುದು ಒಳ್ಳೆಯದು. ಆ ಬೇರೆ ಬಣ್ಣವೇ ಮೂರನೆಯ ಸಲಕ್ಕೆ ನಿಮ್ಮ ಓದಿನ ಪಟ್ಟಿ.

ಎಲ್ಲವನ್ನೂ ಫಲದಿಂದಲೇ ವಿವರಿಸಿಬಿಡಬಹುದು ಎಂದು ಸ್ಕಿನ್ನರ್ ನಂಬಿದ್ದ. ಆಗುವುದಿಲ್ಲ. ನವರಾತ್ರಿಯಲ್ಲಿ ತಾಸೆಯ ಸದ್ದಿಗೆ ಹುಲಿವೇಷದವರು ಕುಣಿಯುವುದನ್ನು ಕಂಡ ಮೂರು ವರ್ಷದ ಮಗು ಮನೆಗೆ ಬಂದು ಟವೆಲು ಕಟ್ಟಿಕೊಂಡು ಅದೇ ಹೆಜ್ಜೆ ಹಾಕುತ್ತದೆ. ಯಾರೂ ಕಲಿಸಲಿಲ್ಲ, ಯಾವ ಬಹುಮಾನವೂ ಇರಲಿಲ್ಲ. ಮನೋವಿಜ್ಞಾನಿ ಬಂಡೂರ 1961ರಲ್ಲಿ 72 ಮಕ್ಕಳ ಮೇಲೆ ನಡೆಸಿದ ಬೋಬೋ ಗೊಂಬೆಯ ಪ್ರಯೋಗ ಪ್ರಸಿದ್ಧ: ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೇ ಹೊಡೆದರು. ಅದಕ್ಕಿಂತ ತೀಕ್ಷ್ಣವಾದದ್ದು 1965ರದು. ಗೊಂಬೆಗೆ ಹೊಡೆದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ "ಅವನು ಮಾಡಿದಂತೆ ಮಾಡಿ ತೋರಿಸಿದರೆ ಬಹುಮಾನ" ಎಂದಾಗ ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಶಿಕ್ಷೆ ತಡೆದದ್ದು ತೋರಿಸುವುದನ್ನು, ಕಲಿಯುವುದನ್ನಲ್ಲ. ಮನೆಯಲ್ಲಿ ಬೈಗುಳ ಕೇಳಿ ಬೆಳೆದ ಮಗು ಅದನ್ನು ಯಾವತ್ತೂ ಆಡಲಿಲ್ಲ ಎಂದರೆ ಅದಕ್ಕೆ ಬರುವುದಿಲ್ಲ ಎಂದಲ್ಲ.

ಬಹುಮಾನ ಕೆಡಿಸುವುದೂ ಉಂಟು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿ ಬರೆಸಿದರು. ಒಂದೆರಡು ವಾರದ ನಂತರ ಬಿಡುವಿನ ಹೊತ್ತಿನಲ್ಲಿ ಅವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳ ಅರ್ಧದಷ್ಟು. ಹೇಳದೆ ಕೊನೆಯಲ್ಲಿ ಕೊಟ್ಟ ಪತ್ರ ಈ ಹಾನಿ ಮಾಡಲಿಲ್ಲ. ಆದ್ದರಿಂದ ಸ್ಟಿಕ್ಕರು, ಚಾಕಲೇಟು ಮಗುವಿಗೆ ಬೇಡವಾದ ಕೆಲಸವನ್ನು ಶುರು ಮಾಡಿಸಲು ಮಾತ್ರ ಇರಲಿ. ತಾನಾಗಿ ಭಾಗವತಿಕೆಯ ತಾಳ ಹಾಕಿಕೊಂಡು ಕೂರುವ ಹುಡುಗನಿಗೆ ತಾಳಕ್ಕಿಷ್ಟು ಎಂದು ರೇಟು ಕಟ್ಟಬೇಡಿ.

ಇನ್ನೊಂದು ಮಿತಿ ವಯಸ್ಸು. ದೇಹ ಸಿದ್ಧವಾಗದೆ ಯಾವ ಪುನರ್ಬಲನವೂ ಕೆಲಸ ಮಾಡುವುದಿಲ್ಲ. ಶೌಚದ ಅಭ್ಯಾಸವನ್ನೇ ನೋಡಿ: ಮಗು ಸುಮಾರು ಎರಡು ಗಂಟೆ ಚಡ್ಡಿ ಒದ್ದೆಯಾಗದೆ ಇರಬೇಕು, ಸರಳವಾದ ಮಾತು ಕೇಳಿ ಮಾಡಬೇಕು, ಚಡ್ಡಿ ಕೆಳಗಿಳಿಸಲು ಬರಬೇಕು, ಬಂದದ್ದನ್ನು ಹೇಗಾದರೂ ತಿಳಿಸಬೇಕು. ಇವು ಕಾಣದಿದ್ದರೆ ನಾಲ್ಕಾರು ವಾರ ಬಿಟ್ಟು ಮತ್ತೆ ನೋಡಿ. ಪಕ್ಕದ ಮನೆಯ ಮಗು ಒಂದೂವರೆ ವರ್ಷಕ್ಕೇ ಕಲಿತಿತು ಎಂಬುದು ಇದಕ್ಕೆ ಉತ್ತರವಲ್ಲ.

ಯೋಚನೆಗೂ ಹೀಗೇ ಹೊತ್ತು ಬೇಕು. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಪಿಯಾಜೆಯ ನೀರಿನ ಪರೀಕ್ಷೆಯನ್ನು ಅಡುಗೆಮನೆಯಲ್ಲೇ ಮಾಡಬಹುದು. ಒಂದೇ ಅಳತೆಯ ಎರಡು ಗಾಜಿನ ಲೋಟ, ಎರಡರಲ್ಲೂ ಸಮ ನೀರು. ಸಮವೆಂದು ಮಗು ಒಪ್ಪುವವರೆಗೆ ಹನಿ ಹನಿ ಸೇರಿಸಿ. ಮಗುವಿನ ಎದುರೇ ಒಂದನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದು, ಯಾವುದರಲ್ಲಿ ಜಾಸ್ತಿ, ಅಲ್ಲ ಎರಡೂ ಒಂದೆಯಾ ಎಂದು ಕೇಳಿ. ಐದು ವರ್ಷದವರು ಸಾಮಾನ್ಯವಾಗಿ ಉದ್ದದ ಲೋಟ ತೋರಿಸುತ್ತಾರೆ, ಏಳರ ಆಸುಪಾಸಿನಲ್ಲಿ "ಸುರಿದದ್ದಲ್ವಾ, ಅಷ್ಟೇ" ಎನ್ನುತ್ತಾರೆ. ಸಾಲಿನಲ್ಲಿಟ್ಟ ಗುಂಡಿಗಳನ್ನು ದೂರ ದೂರ ಸರಿಸಿದರೂ ಸಂಖ್ಯೆ ಅಷ್ಟೇ ಎಂಬುದು ಇದಕ್ಕಿಂತ ಬೇಗ ಅರ್ಥವಾಗುತ್ತದೆ, ಆಕಾರ ಬದಲಾದರೂ ತೂಕ ಅಷ್ಟೇ ಎಂಬುದು ತಡವಾಗಿ, ಸುಮಾರು ಒಂಬತ್ತಕ್ಕೆ. ಕೇಳುವುದರಲ್ಲಿ ಒಂದು ಎಚ್ಚರ ಬೇಕು. ಸುರಿಯುವ ಮುಂಚೆ ಒಮ್ಮೆ, ಸುರಿದ ಮೇಲೆ ಒಮ್ಮೆ ಅದೇ ಪ್ರಶ್ನೆ ಕೇಳಿದರೆ ಮೊದಲ ಉತ್ತರ ತಪ್ಪಾಗಿತ್ತೇನೋ ಎಂದು ಮಗು ಬದಲಿಸಬಹುದು. ಒಂದೇ ಸಲ ಕೇಳಿದಾಗ ಚಿಕ್ಕವರೂ ಹೆಚ್ಚು ಸರಿ ಹೇಳುತ್ತಾರೆ ಎಂದು ರೋಸ್ ಮತ್ತು ಬ್ಲಾಂಕ್ 1974ರಲ್ಲೇ ತೋರಿಸಿದ್ದಾರೆ. ಪಿಯಾಜೆ ಹಾಕಿದ ವಯಸ್ಸಿನ ಗೆರೆಗಳು ಒಂದಿಷ್ಟು ಕೆಳಗೆ ಸರಿದದ್ದು ಇಂಥ ಕೆಲಸಗಳಿಂದ.

ಹಬ್ಬದ ದಿನ ಅಣ್ಣ ತಂಗಿ ಪಾಯಸಕ್ಕೆ ಜಗಳಾಡಿದರೆ, "ಎರಡೂ ಒಂದೇ, ಲೋಟ ಬೇರೆ ಅಷ್ಟೇ" ಎಂದು ನಾಲ್ಕು ವರ್ಷದ ತಂಗಿಗೆ ವಿವರಿಸಿ ಪ್ರಯೋಜನವಿಲ್ಲ, ಬೈದು ಪ್ರಯೋಜನವಂತೂ ಇಲ್ಲವೇ ಇಲ್ಲ. ಒಂದೇ ಅಳತೆಯ ಲೋಟ ತೆಗೆದುಕೊಡಿ.